ದೂರದೇಶದ ದುಡಿಮೆ: ಮಹಾನಗರವೋ, ಸಣ್ಣ ಊರೋ?

ಕಳೆದ ಬೇಸಿಗೆಯಲ್ಲಿ ಕೃಷ್ಣರಾಜಪೇಟೆ ತಾಲ್ಲೂಕಿನ ಮಾಕವಳ್ಳಿಗೆ ಹೋಗಿದ್ದಾಗ, ನಮ್ಮ ಪರಿಚಯದ ಮನೆಯೊಂದರಲ್ಲಿ ಕಾಫಿಯ ಲೋಟದ ಜೊತೆಗೆ ಎರಡು ಕಾಗದಗಳನ್ನೂ ನಮ್ಮ ಮುಂದೆ ತಂದಿಟ್ಟರು. ಮನೆಯ ಯಜಮಾನರು ಅಲ್ಲಿನ ಸಕ್ಕರೆ ಕಾರ್ಖಾನೆಯಲ್ಲಿ ಹಲವು ವರ್ಷ ದುಡಿದವರು. ಅವರ ಮಗಳು ಮೈಸೂರಿನಲ್ಲಿ ನರ್ಸಿಂಗ್ ಪದವಿ ಮುಗಿಸಿ, ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ನಾಲ್ಕು ವರ್ಷ ಅನುಭವ ಗಳಿಸಿದವಳು. ಎರಡು ಕಾಗದಗಳೂ ಇಂಗ್ಲೆಂಡಿನಿಂದ ಬಂದವು. ಒಂದು ಲಂಡನ್ ಮಹಾನಗರದ ದೊಡ್ಡ ಆಸ್ಪತ್ರೆಯದು. ಇನ್ನೊಂದು ಆ ದೇಶದ ಈಶಾನ್ಯ ಭಾಗದ, ಹೆಸರು ಹೇಳಿದರೆ ನಮ್ಮಲ್ಲಿ ಯಾರಿಗೂ ತಿಳಿಯದ ಸಣ್ಣ ಊರಿನದು.

“ನೀವು ನಾಲ್ಕು ಊರು ಕಂಡವರು ಸಾರ್, ಯಾವುದಕ್ಕೆ ಹೂಂ ಅನ್ನೋಣ ಹೇಳಿ” ಎಂದರು ಯಜಮಾನರು. ಅವರ ಮನಸ್ಸು ಲಂಡನ್ನಿನ ಕಡೆಗಿತ್ತೆಂಬುದು ಮುಖದಲ್ಲೇ ತಿಳಿಯುತ್ತಿತ್ತು. ಮಗಳು ಏನೂ ಹೇಳಲಿಲ್ಲ. ಓದಿಗಾಗಿ ಬ್ಯಾಂಕಿನಲ್ಲಿ ತೆಗೆದ ಸಾಲ ಇನ್ನೂ ಅರ್ಧ ಉಳಿದಿತ್ತು; ಅವಳ ಬೆನ್ನಿಗೆ ಒಬ್ಬ ತಮ್ಮನ ಓದೂ ಇತ್ತು. ಬಾಗಿಲ ಬಳಿ ಅವರೆಕಾಯಿ ಸುಲಿಯುತ್ತ ಕುಳಿತಿದ್ದ ಅಜ್ಜಿ ತಲೆಯೆತ್ತದೆ ಒಂದು ಮಾತು ಕೇಳಿದರು: “ಅದೆಲ್ಲಾ ಸರಿ ಕಣಪ್ಪ. ಕೂಸು ಜ್ವರ ಬಂದು ಮಲಿಕ್ಕಂಡ್ರೆ ಒಂದ್ ಲೋಟ ಗಂಜಿ ಕಾಯ್ಸಿ ಕೊಡೋರು ಯಾವೂರಲ್ಲವ್ರೆ, ಮೊದ್ಲು ಅದ್ನ ಕೇಳಿ.”

ನಾವು ಅಂದು ಉತ್ತರಿಸಲಾರದೆ ಹಿಂದಿರುಗಿದೆವು. ಆದರೆ ಅಜ್ಜಿಯ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಇಂದು ನಮ್ಮ ಧರ್ಮಕೇಂದ್ರಗಳಲ್ಲಿ ಮಗನನ್ನೋ ಮಗಳನ್ನೋ ಪರದೇಶಕ್ಕೆ ಕಳುಹಿಸಿದ ಮನೆಗಳು ಎಷ್ಟೋ ಇವೆ. ‘ಯಾವ ದೇಶ’ ಎಂಬುದನ್ನು ತಿಂಗಳುಗಟ್ಟಲೆ ಚರ್ಚಿಸುವ ನಾವು, ‘ಆ ದೇಶದಲ್ಲಿ ಯಾವ ಊರು’ ಎಂಬುದನ್ನು ಒಂದು ಸಂಜೆಯಲ್ಲಿ, ಅದೂ ಊರಿನ ಹೆಸರಿನ ಹೊಳಪನ್ನು ಮಾತ್ರ ನೋಡಿ, ತೀರ್ಮಾನಿಸಿಬಿಡುತ್ತೇವೆ. ಬಾಳಿನ ಸುಖದುಃಖಗಳನ್ನು ನಿರ್ಧರಿಸುವುದು ಬಹುಮಟ್ಟಿಗೆ ಈ ಎರಡನೆಯ ಪ್ರಶ್ನೆಯೇ ಎಂಬುದು ನಮ್ಮ ಅನಿಸಿಕೆ.

ಮುಂಬಯಿ ಕಲಿಸಿದ ಪಾಠ

ಈ ಪ್ರಶ್ನೆ ಕೃಷ್ಣರಾಜಪೇಟೆ, ನಾಗಮಂಗಲ ಸೀಮೆಗೆ ಹೊಸದೇನೂ ಅಲ್ಲ. ಪಾಸ್‌ಪೋರ್ಟಿನ ಮಾತು ನಮ್ಮ ಹಳ್ಳಿಗಳಿಗೆ ಬರುವ ಎಷ್ಟೋ ಮುಂಚೆಯೇ ಇಲ್ಲಿನ ಜನ ಮುಂಬಯಿಯ ಹಾದಿ ಹಿಡಿದಿದ್ದರು. ಮಳೆ ಕೈಕೊಟ್ಟ ವರ್ಷ, ಭೂಮಿ ಭಾಗವಾದ ವರ್ಷ, ಒಬ್ಬ ಹೋದವನು ತಮ್ಮನನ್ನು ಕರೆದ. ತಮ್ಮ ಭಾವಮೈದುನನನ್ನು ಕರೆದ. ಹೋಟೆಲು, ಕ್ಯಾಂಟೀನು, ಆಟೋರಿಕ್ಷಾ, ಸಣ್ಣಪುಟ್ಟ ವ್ಯಾಪಾರ, ಹೀಗೆ ಆ ಮಹಾನಗರ ನಮ್ಮವರಿಗೆ ಅನ್ನ ಕೊಟ್ಟಿತು. ಇಂದು ಈ ತಾಲ್ಲೂಕುಗಳಲ್ಲಿ ಕಾಣುವ ಎಷ್ಟೋ ತಾರಸಿ ಮನೆಗಳು ಮುಂಬಯಿಯ ಬೆವರಿನಿಂದ ಎದ್ದವು. ಈ ಉಪಕಾರವನ್ನು ಮರೆಯುವಂತಿಲ್ಲ.

ಆದರೆ 2020ರ ಮಾರ್ಚ್ 25ರಿಂದ ದೇಶವೇ ಬಾಗಿಲು ಮುಚ್ಚಿಕೊಂಡಾಗ ಏನಾಯಿತೆಂಬುದೂ ನಮ್ಮ ನೆನಪಿನಲ್ಲಿರಬೇಕು. ದುಡಿಮೆ ನಿಂತ ಮೇಲೆ ಹತ್ತಿಪ್ಪತ್ತು ವರ್ಷ ಬಾಳಿದ ನಗರವೂ ಪರಕೀಯವೆನಿಸಿತು. ನಮ್ಮವರ ಕಣ್ಣು ಊರಿನತ್ತ ತಿರುಗಿತು. ಆ ವರ್ಷದ ಮೇ ತಿಂಗಳಿನಲ್ಲಿ ಮುಂಬಯಿಯಿಂದ ಹಿಂದಿರುಗಿದವರಲ್ಲಿ ಸೋಂಕು ಕಂಡುಬಂದು ಮಂಡ್ಯ ಜಿಲ್ಲೆಯ ಹೆಸರು ದಿನವೂ ಪತ್ರಿಕೆಗಳಲ್ಲಿ ಬರುತ್ತಿತ್ತು. ಅದರಲ್ಲಿ ಕೃಷ್ಣರಾಜಪೇಟೆ ತಾಲ್ಲೂಕಿನ ಪಾಲೇ ದೊಡ್ಡದಾಗಿತ್ತು. ಹುಟ್ಟಿದೂರಿಗೆ ಬಂದವರು ಶಾಲೆ, ವಸತಿನಿಲಯಗಳಲ್ಲಿ ದಿನಗಳನ್ನು ಎಣಿಸಬೇಕಾಯಿತು. ಒಂದೆಡೆ ನಗರ ಅವರನ್ನು ತನ್ನವರೆನ್ನಲಿಲ್ಲ. ಇನ್ನೊಂದೆಡೆ ಊರೂ ಅವರನ್ನು ಕಂಡು ಅಂಜಿತು. ಮಹಾನಗರ ಕೆಲಸವನ್ನು ಬೇಗ ಕೊಡುತ್ತದೆ. ಅದರೊಂದಿಗೆ ನೆರೆಹೊರೆಯೂ ತಾನಾಗಿ ಬರುತ್ತದೆಂದು ಭಾವಿಸಿದರೆ ಕಷ್ಟಕಾಲದಲ್ಲಿ ಮೋಸಹೋಗುತ್ತೇವೆ. ಮುಂಬಯಿಯ ಈ ಪಾಠ ಲಂಡನ್ನಿಗೂ ಟೊರಾಂಟೋಗೂ ಸಲ್ಲುವಂಥದು.

ಸಂಬಳದ ಲೆಕ್ಕ

ಇನ್ನು ಹಣದ ಮಾತಿಗೆ ಬರೋಣ. ಸಾಲವಿರುವ ಮನೆಯಲ್ಲಿ ಹಣದ ಮಾತನ್ನು ಕೀಳೆಂದು ತಳ್ಳುವುದು ಸರಿಯಲ್ಲ. ಇಂಗ್ಲೆಂಡಿನ ಸರಕಾರಿ ಆರೋಗ್ಯ ಸೇವೆಯಲ್ಲಿ ನರ್ಸುಗಳ ಮೂಲ ವೇತನ ದೇಶದುದ್ದಕ್ಕೂ ಒಂದೇ. ಹೊಸದಾಗಿ ಸೇರುವ ನೋಂದಾಯಿತ ನರ್ಸಿಗೆ 2025-26ನೇ ಸಾಲಿನಲ್ಲಿ ವರ್ಷಕ್ಕೆ 31,049 ಪೌಂಡುಗಳಿಂದ ಆರಂಭ. ಲಂಡನ್ನಿನ ಒಳಭಾಗದಲ್ಲಿ ಕೆಲಸ ಮಾಡುವವರಿಗೆ ಇದರ ಮೇಲೆ ಶೇಕಡ 20ರಷ್ಟು, ಹೊರಭಾಗದಲ್ಲಿ ಶೇಕಡ 15ರಷ್ಟು ನಗರಭತ್ಯೆ ಸೇರುತ್ತದೆ. ಅಂದರೆ ಒಳ ಲಂಡನ್ನಿನ ನರ್ಸಿಗೆ ಸಣ್ಣ ಊರಿನ ನರ್ಸಿಗಿಂತ ವರ್ಷಕ್ಕೆ ಸುಮಾರು 6,200 ಪೌಂಡು ಹೆಚ್ಚು ದೊರೆಯುತ್ತದೆ. ಅದೂ ತೆರಿಗೆ ಕಳೆಯುವ ಮುನ್ನ.

ಯಜಮಾನರ ಕಣ್ಣಿಗೆ ಬಿದ್ದದ್ದು ಈ ಹೆಚ್ಚುವರಿ ಮೊತ್ತ. ಬೀಳದೇ ಹೋದದ್ದು ಮನೆ ಬಾಡಿಗೆ. ಲಂಡನ್ನಿನಲ್ಲಿ ಮನೆಯೊಂದರ ಸರಾಸರಿ ಬಾಡಿಗೆ 2025ರಲ್ಲಿ ತಿಂಗಳಿಗೆ 2,200 ಪೌಂಡುಗಳನ್ನು ದಾಟಿತ್ತು. ಈಶಾನ್ಯ ಇಂಗ್ಲೆಂಡಿನಲ್ಲಿ ಅದೇ ಬಾಡಿಗೆ ಸುಮಾರು 750 ಪೌಂಡು. ವರ್ಷದ ಲೆಕ್ಕದಲ್ಲಿ ಅಂತರ ಹದಿನೇಳು ಸಾವಿರ ಪೌಂಡುಗಳನ್ನು ಮೀರುತ್ತದೆ. ಒಂಟಿಯಾಗಿರುವ ಹುಡುಗಿ ನಾಲ್ವರ ಜೊತೆ ಸೇರಿ ಒಂದು ಕೋಣೆ ಹಿಡಿದರೆ ಈ ಅಂತರ ಬಹಳ ಇಳಿಯುತ್ತದೆ, ಒಪ್ಪತಕ್ಕ ಮಾತೇ. ಆದರೆ ಗಂಡ, ಮಗು ಬಂದು ಸೇರಿದ ದಿನ ಕೋಣೆ ಸಾಲದು, ಮನೆ ಬೇಕು. ಆಗ ಲಂಡನ್ನಿನ ಭತ್ಯೆ ಬಾಡಿಗೆಯ ಬಾಯಿಗೆ ಸಾಸಿವೆ ಕಾಳಿನಂತಾಗುತ್ತದೆ. ಕೈಗೆ ಬರುವುದು ಎಷ್ಟು ಎಂಬುದಕ್ಕಿಂತ ತಿಂಗಳ ಕೊನೆಗೆ ಉಳಿಯುವುದು ಎಷ್ಟು ಎಂಬುದೇ ನಿಜವಾದ ಲೆಕ್ಕ. ರಾಗಿ ಬೆಳೆಯುವ ಯಾವ ರೈತನಿಗೂ ಇದನ್ನು ನಾವು ಹೇಳಿಕೊಡಬೇಕಾಗಿಲ್ಲ. ಪೌಂಡು ಎಂದಾಕ್ಷಣ ಮಾತ್ರ ನಾವು ಇದನ್ನು ಮರೆಯುತ್ತೇವೆ.

ಸಣ್ಣ ಊರಿನ ಕಷ್ಟಗಳು

ಹಾಗೆಂದು ಸಣ್ಣ ಊರನ್ನು ಹಾಡಿಹೊಗಳಿ ಮಕ್ಕಳನ್ನು ದಾರಿತಪ್ಪಿಸುವುದೂ ತರವಲ್ಲ. ಲಂಡನ್ನಿನಲ್ಲಿ ನೆಲದಡಿಯ ರೈಲಿದೆ, ಬಸ್ಸುಗಳು ಹಗಲಿರುಳೆನ್ನದೆ ಒದಗುತ್ತವೆ. ಸಣ್ಣ ಊರಿನಲ್ಲಿ ರಾತ್ರಿ ಪಾಳಿ ಮುಗಿಸಿದವಳಿಗೆ ಭಾನುವಾರ ಬೆಳಿಗ್ಗೆ ಬಸ್ಸೇ ಇರದಿರಬಹುದು. ಕಾರು ಬೇಕಾಗುತ್ತದೆ. ನಮ್ಮ ಭಾರತೀಯ ಚಾಲನಾ ಪರವಾನಗಿ ಅಲ್ಲಿ ನೆಲೆಸಿದ ದಿನದಿಂದ ಹನ್ನೆರಡು ತಿಂಗಳು ಮಾತ್ರ ಸಲ್ಲುತ್ತದೆ. ಬಳಿಕ ಅಲ್ಲಿನ ಪರೀಕ್ಷೆಯಲ್ಲೇ ಉತ್ತೀರ್ಣರಾಗಬೇಕು. ಡಿಸೆಂಬರಿನಲ್ಲಿ ಮಧ್ಯಾಹ್ನ ನಾಲ್ಕಕ್ಕೆ ಮುಂಚೆಯೇ ಕತ್ತಲಾಗುವ ಆ ನಾಡಿನಲ್ಲಿ, ಕನ್ನಡದ ಒಂದು ಮಾತಿಲ್ಲದ ಊರಿನಲ್ಲಿ, ಸಂಜೆಯ ಹೊತ್ತು ಎಷ್ಟು ಉದ್ದವೆಂಬುದು ಅನುಭವಿಸಿದವರಿಗೇ ಗೊತ್ತು.

ಇದಕ್ಕಿಂತ ಗಂಭೀರವಾದ ಸಂಗತಿ ಇನ್ನೊಂದಿದೆ. ಪರದೇಶದ ನರ್ಸಿನ ವೀಸಾ, ಅವಳನ್ನು ಕರೆಸಿಕೊಂಡ ಆಸ್ಪತ್ರೆಗೆ ಅಂಟಿಕೊಂಡಿರುತ್ತದೆ. ಮೇಲಧಿಕಾರಿಯ ಕಿರುಕುಳ ಸಹಿಸಲಾಗದೆ ಕೆಲಸ ಬದಲಿಸಬೇಕೆಂದರೆ ಹೊಸ ಆಸ್ಪತ್ರೆಯೇ ಹೊಸದಾಗಿ ಪ್ರಾಯೋಜಿಸಬೇಕು. ಮಹಾನಗರದಲ್ಲಿ ಅಂಥ ಆಸ್ಪತ್ರೆಗಳು ಹತ್ತಾರಿವೆ. ಮನೆ ಬದಲಿಸದೆಯೇ ಕೆಲಸ ಬದಲಿಸಬಹುದು. ಇಡೀ ಊರಿಗೆ ಒಂದೇ ಆಸ್ಪತ್ರೆ ಇರುವಲ್ಲಿ ಕೆಲಸ ಬಿಡುವುದೆಂದರೆ ಊರನ್ನೇ ಬಿಡುವುದು. ಕೆಲವು ಒಪ್ಪಂದಗಳಲ್ಲಿ ಇಂತಿಷ್ಟು ವರ್ಷದೊಳಗೆ ಬಿಟ್ಟರೆ ಕರೆಸಿಕೊಂಡ ಖರ್ಚನ್ನು ಹಿಂದಿರುಗಿಸಬೇಕೆಂಬ ಷರತ್ತೂ ಇರುತ್ತದೆ. ಸಹಿ ಹಾಕುವ ಮುನ್ನ ಆ ಪುಟವನ್ನು ಎರಡು ಸಲ ಓದಬೇಕು. ಬುದ್ಧಿ ತಿಳಿದವರಿಂದ ಇನ್ನೊಮ್ಮೆ ಓದಿಸಬೇಕು.

ಗಂಡನ ಉದ್ಯೋಗದ ಪ್ರಶ್ನೆಯೂ ಹೀಗೆಯೇ. ಹೆಂಡತಿಗೆ ನೌಕರಿ ಸಿಕ್ಕ ಸಣ್ಣ ಊರಿನಲ್ಲಿ ಗಣಕಯಂತ್ರದ ಓದು ಓದಿದ ಗಂಡನಿಗೆ ತಕ್ಕ ಕೆಲಸ ಸಿಗದಿರಬಹುದು. ಮನೆಯಲ್ಲಿ ಒಬ್ಬರು ದುಡಿದು ಇನ್ನೊಬ್ಬರು ಕಿಟಕಿಯ ಬಳಿ ಕುಳಿತರೆ ಸಂಸಾರದ ನೆಮ್ಮದಿ ಉಳಿಯುವುದಿಲ್ಲ. ಇಂಥ ದಂಪತಿಗಳಿಗೆ ಮಹಾನಗರವೇ ಹಿತವೆಂದು ಹೇಳಲು ನಾವು ಹಿಂಜರಿಯುವುದಿಲ್ಲ.

ಕಾನೂನೇ ಆರಿಸುವ ಊರು

ಕೆಲವು ದೇಶಗಳಲ್ಲಿ ಈ ಆಯ್ಕೆಯನ್ನು ಕಾನೂನೇ ಒಂದು ಕಡೆಗೆ ಎಳೆಯುತ್ತಿದೆ. ಯುವಕರೆಲ್ಲ ಮಹಾನಗರಗಳಿಗೆ ಹೋಗಿ ಸಣ್ಣ ಊರುಗಳು ಮುದುಕರ ಊರುಗಳಾಗುತ್ತಿರುವುದು ಅಲ್ಲಿಯ ಸರಕಾರಗಳಿಗೂ ಚಿಂತೆಯ ವಿಷಯ. ಆಸ್ಟ್ರೇಲಿಯಾ ದೇಶವು 2019ರ ನವೆಂಬರಿನಲ್ಲಿ ಪ್ರಾದೇಶಿಕ ಭಾಗಗಳಿಗೆಂದೇ ಐದು ವರ್ಷಗಳ ವೀಸಾವೊಂದನ್ನು ಜಾರಿಗೆ ತಂದಿತು. ಅಂಥ ಭಾಗದಲ್ಲಿ ಮೂರು ವರ್ಷ ವಾಸಿಸಿ, ದುಡಿದು, ಷರತ್ತುಗಳನ್ನು ಪೂರೈಸಿದವರು ಕಾಯಂ ವಾಸಕ್ಕೆ ಅರ್ಜಿ ಹಾಕಬಹುದು. ‘ಪ್ರಾದೇಶಿಕ’ ಎಂದೊಡನೆ ಕಾಡು ಕುಗ್ರಾಮವೆಂದು ಯಾರೂ ಹೆದರಬೇಕಾಗಿಲ್ಲ. ಸಿಡ್ನಿ, ಮೆಲ್ಬರ್ನ್, ಬ್ರಿಸ್ಬೇನ್ ಈ ಮೂರನ್ನು ಬಿಟ್ಟು ಉಳಿದದ್ದೆಲ್ಲ ಆ ಕಾನೂನಿನ ಕಣ್ಣಿನಲ್ಲಿ ಪ್ರಾದೇಶಿಕವೇ. ಪರ್ತ್, ಅಡಿಲೇಡ್‌ನಂಥ ದೊಡ್ಡ ನಗರಗಳೂ ಅದರಲ್ಲಿ ಸೇರಿವೆ.

ಕೆನಡಾ ದೇಶ 2019ರಲ್ಲಿ ಥಂಡರ್ ಬೇ, ಸಡ್ಬರಿ, ಮೂಸ್ ಜಾ ಮುಂತಾದ ಹನ್ನೊಂದು ಊರುಗಳಿಗೆ ಪ್ರಾಯೋಗಿಕ ಯೋಜನೆಯೊಂದನ್ನು ಆರಂಭಿಸಿ 2024ರಲ್ಲಿ ಅದನ್ನು ಮುಗಿಸಿತು. 2025ರಲ್ಲಿ ಹದಿನಾಲ್ಕು ಸಮುದಾಯಗಳಿಗೆ ಹೊಸದೊಂದು ಯೋಜನೆ ಬಂದಿತು. ಇಲ್ಲೊಂದು ಎಚ್ಚರಿಕೆಯ ಮಾತು ಅಗತ್ಯ. ಇಂಥ ಯೋಜನೆಗಳು ಇಂದು ಇದ್ದು ನಾಳೆ ಮುಗಿಯಬಹುದು. ಕೇವಲ ಕಾಯಂ ವಾಸದ ಆಸೆಯಿಂದ, ಮೂರು ವರ್ಷ ಹೇಗೋ ಹಲ್ಲುಕಚ್ಚಿ ಕಳೆದರಾಯಿತೆಂದು ಸಣ್ಣ ಊರಿಗೆ ಹೋಗುವವರು, ಆ ಮೂರು ವರ್ಷವೂ ತಮ್ಮ ಆಯುಷ್ಯದ ಲೆಕ್ಕಕ್ಕೇ ಸೇರಿದ್ದೆಂಬುದನ್ನು ನೆನಪಿಡಬೇಕು.

ಕೊಲ್ಲಿ ರಾಷ್ಟ್ರಗಳ ಮಾತೇ ಬೇರೆ. ಅಲ್ಲಿ ಊರನ್ನು ಆರಿಸುವುದು ಬಹುಮಟ್ಟಿಗೆ ಕಂಪನಿಯೇ ಹೊರತು ನೌಕರನಲ್ಲ. ಆದರೂ ಕೇಳಿ ತಿಳಿಯಬೇಕಾದ ಸಂಗತಿಗಳಿವೆ. ದುಬೈ, ಅಬುಧಾಬಿಗಳಲ್ಲಿ ನಮ್ಮ ಚರ್ಚುಗಳಿವೆ. ಸೌದಿ ಅರೇಬಿಯಾದಲ್ಲಿ ಚರ್ಚು ಇಲ್ಲ, ಬಹಿರಂಗ ಪೂಜೆಗೆ ಅವಕಾಶವೂ ಇಲ್ಲ. ಹಾಗೆಂದು ರಾಜಧಾನಿಯಲ್ಲಿ ಮಾತ್ರ ಎಲ್ಲವೂ ಇರುತ್ತದೆಂದಲ್ಲ. ಬಹರೈನಿನಲ್ಲಿ 2021ರ ಡಿಸೆಂಬರ್ 10ರಂದು ಅಭಿಷಿಕ್ತವಾದ ಅರೇಬಿಯಾ ಮಾತೆಯ ಪ್ರಧಾನಾಲಯ ಇರುವುದು ರಾಜಧಾನಿ ಮನಾಮದಲ್ಲಲ್ಲ, ಅವಾಲಿ ಎಂಬ ಸಣ್ಣ ತೈಲಪಟ್ಟಣದಲ್ಲಿ.

ಏಜೆಂಟರ ಬಗ್ಗೆಯೂ ಒಂದು ಮಾತು. ಪರದೇಶಕ್ಕೆ ಕಳುಹಿಸುವ ಏಜೆಂಟರು ಭಾರತ ಸರಕಾರದ ವಿದೇಶಾಂಗ ಇಲಾಖೆಯಲ್ಲಿ ನೋಂದಣಿ ಪಡೆದವರೇ ಎಂಬುದನ್ನು ಮೊದಲು ನೋಡಬೇಕು. ನಿಯಮದಂತೆ ಅವರು ಪಡೆಯಬಹುದಾದ ಸೇವಾಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಮೇಲಿನ ಜಿ.ಎಸ್.ಟಿ. ಬ್ರಿಟನ್ನಿನ ಆರೋಗ್ಯ ಸೇವೆಗೆ ನರ್ಸುಗಳನ್ನು ಒದಗಿಸುವ ಏಜೆನ್ಸಿಗಳಂತೂ ಅಲ್ಲಿನ ನೀತಿಸಂಹಿತೆಯ ಪ್ರಕಾರ ನರ್ಸಿನಿಂದ ಶುಲ್ಕವನ್ನೇ ಪಡೆಯುವಂತಿಲ್ಲ. ‘ಲಂಡನ್ ಬೇಕಾದರೆ ಇಷ್ಟು, ಸಣ್ಣ ಊರಾದರೆ ಇಷ್ಟು’ ಎಂದು ದರ ಹೇಳುವವನು ಸಿಕ್ಕರೆ ಅವನ ಮನೆಯ ಮೆಟ್ಟಿಲು ಇಳಿದು ಬರುವುದೇ ಕ್ಷೇಮ.

ಗೈರುಹಾಜರಿಯನ್ನು ಗಮನಿಸುವವರು

ಅಜ್ಜಿಯ ಗಂಜಿಯ ಪ್ರಶ್ನೆಗೆ ಮರಳೋಣ. ಮಹಾನಗರದ ಧರ್ಮಕೇಂದ್ರದಲ್ಲಿ ಭಾನುವಾರ ಹಲವು ಬಲಿಪೂಜೆಗಳಿರುತ್ತವೆ. ಯಾವುದಕ್ಕಾದರೂ ಹೋಗಬಹುದು, ಯಾವುದಕ್ಕೂ ಹೋಗದಿರಲೂಬಹುದು. ಒಂದು ವಾರ ನೀವು ಕಾಣದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಕೆಲವರಿಗೆ ಇದು ಬಿಡುಗಡೆಯೆನಿಸುತ್ತದೆ. ಆದರೆ ಜ್ವರದಿಂದ ಮಲಗಿದ ವಾರವೂ ಅದು ಯಾರಿಗೂ ತಿಳಿಯುವುದಿಲ್ಲ. ಸಣ್ಣ ಊರಿನಲ್ಲಿ ಭಾನುವಾರ ಒಂದೇ ಪೂಜೆ, ಐವತ್ತು ಅರವತ್ತು ಜನ, ಹೆಚ್ಚಿನವರು ವಯಸ್ಸಾದವರು. ಮೂರನೆಯ ಸಾಲಿನಲ್ಲಿ ಕುಳಿತುಕೊಳ್ಳುವ ಕಪ್ಪುಕೂದಲ ಹುಡುಗಿ ಒಂದು ವಾರ ಬಾರದಿದ್ದರೆ ಇಡೀ ದೇವಾಲಯಕ್ಕೆ ಗೊತ್ತಾಗುತ್ತದೆ.

ಇದು ತಾನಾಗಿ ಆಗುವುದಿಲ್ಲ, ನಿಜ. ಸಣ್ಣ ಊರಿನ ಜನ ಹೊಸಬರನ್ನು ಮೊದಮೊದಲು ದೂರದಿಂದಲೇ ನೋಡುವುದುಂಟು. ನಮ್ಮ ಹಳ್ಳಿಗಳಲ್ಲೂ ಹಾಗೆಯೇ ಅಲ್ಲವೇ? ಮೊದಲ ಹೆಜ್ಜೆ ಹೋದವರೇ ಇಡಬೇಕು. ಕೇರಳದ ಬಂಧುಗಳಿಂದ ನಾವು ಕಲಿಯಬೇಕಾದದ್ದು ಇಲ್ಲಿದೆ. ಅವರ ನರ್ಸುಗಳು ಬ್ರಿಟನ್ನಿನ ಮೂಲೆಮೂಲೆಯ ಊರುಗಳಿಗೂ ಹೋಗಿ ನೆಲೆಸಿ, ಮನೆಮನೆಯಲ್ಲಿ ಜಪಸರಕ್ಕೆ ಕೂಡಿದರು. 2016ರಲ್ಲಿ ಅಲ್ಲಿನ ಸಿರೋ ಮಲಬಾರ್ ವಿಶ್ವಾಸಿಗಳಿಗಾಗಿ ಪ್ರತ್ಯೇಕ ಧರ್ಮಪ್ರಾಂತ ಸ್ಥಾಪನೆಯಾದಾಗ, ಅದರ ಪೀಠವಾದದ್ದು ಲಂಡನ್ನಲ್ಲ, ಉತ್ತರದ ಪ್ರೆಸ್ಟನ್ ಪಟ್ಟಣ. ಕನ್ನಡ ಕಥೋಲಿಕರಾದ ನಮ್ಮ ಸಂಖ್ಯೆ ಅಷ್ಟಿಲ್ಲ. ಆದರೆ ಎರಡು ಮನೆ ಇದ್ದಲ್ಲಿ ಎರಡು ಮನೆಯೇ ಕೂಡಬಹುದು. ಮಹಾನಗರಕ್ಕೆ ಹೋದವರೂ ಹೀಗೆ ತಮ್ಮದೇ ಒಂದು ಹಳ್ಳಿಯನ್ನು ಅಲ್ಲಿ ಕಟ್ಟಿಕೊಳ್ಳಬಹುದು. ಕಟ್ಟಿಕೊಂಡವರಿಗೆ ಲಂಡನ್ನೂ ಒಂದು ಸಣ್ಣ ಊರೇ.

ನಮ್ಮ ನೆಲಕ್ಕೆ ಬಂದ ಪರದೇಶಿ

ಪರದೇಶಕ್ಕೆ ಹೋಗಿ ಸಣ್ಣ ಊರಿನಲ್ಲಿ ದುಡಿಯುವುದೆಂದರೆ ಏನೆಂಬುದಕ್ಕೆ ನಾವು ದೂರ ಹುಡುಕಬೇಕಾಗಿಲ್ಲ. ಮಾಕವಳ್ಳಿಯಿಂದ ಒಂದೆರಡು ಗಂಟೆಯ ಬಸ್ಸಿನ ದಾರಿಯಲ್ಲಿರುವ ಶ್ರೀರಂಗಪಟ್ಟಣಕ್ಕೆ, ಗಂಜಾಮಿಗೆ ಹೋದರೆ ಸಾಕು. ದಕ್ಷಿಣ ಫ್ರಾನ್ಸಿನ ಸಣ್ಣ ಗ್ರಾಮವೊಂದರಲ್ಲಿ 1765ರಲ್ಲಿ ಜನಿಸಿದ ಫಾದರ್ ಜ್ಯಾಂ ಆಂತ್ವಾನ್ ದ್ಯುಬ್ವಾ, ಅಂದರೆ ನಾವೆಲ್ಲ ಕೇಳಿರುವ ಅಬ್ಬೆ ದುಬಾಯ್, 1792ರಲ್ಲಿ ಭಾರತಕ್ಕೆ ಬಂದರು. ಪಾಂಡಿಚೇರಿಯಂಥ ಫ್ರೆಂಚರ ಪಟ್ಟಣದಲ್ಲಿ ತಮ್ಮವರ ನಡುವೆ, ತಮ್ಮ ಭಾಷೆಯಲ್ಲಿ ಬಾಳಬಹುದಾಗಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ, ಚೆದುರಿಹೋಗಿದ್ದ ಇಲ್ಲಿನ ಕ್ರೈಸ್ತರನ್ನು ಒಟ್ಟುಗೂಡಿಸಲು ಅವರು ಮೈಸೂರು ಸೀಮೆಗೆ ಬಂದರು.

ಅವರು ಇಲ್ಲಿನ ಉಡುಪು ಧರಿಸಿದರು, ಇಲ್ಲಿನ ಊಟ ಉಂಡರು, ಮಾಂಸವನ್ನು ಬಿಟ್ಟರು. ಜನ ಅವರನ್ನು ‘ದೊಡ್ಡ ಸ್ವಾಮಿಯವರು’ ಎಂದು ಕರೆದರು. ಸಿಡುಬಿಗೆ ಹೊಸದಾಗಿ ಬಂದ ಲಸಿಕೆಯನ್ನು ಜನ ನಂಬದಿದ್ದ ಕಾಲದಲ್ಲಿ ಅದನ್ನು ಇಲ್ಲಿ ಹರಡಲು ಶ್ರಮಿಸಿದರು. ಅವರ ಮಾತನ್ನು ಜನ ನಂಬಿದ್ದು, ಅವರು ಕಣ್ಣೆದುರೇ ಬಾಳುತ್ತಿದ್ದುದರಿಂದ. ಇಲ್ಲಿನ ಜನಜೀವನದ ಕುರಿತು ಅವರು ಬರೆದ ಗ್ರಂಥ 1816ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾಗಿ ಯೂರೋಪಿನವರಿಗೆ ಈ ನಾಡನ್ನು ಪರಿಚಯಿಸಿತು. ಅದರಲ್ಲಿನ ಎಲ್ಲ ಅಭಿಪ್ರಾಯಗಳನ್ನೂ ನಾವಿಂದು ಒಪ್ಪಬೇಕಾಗಿಲ್ಲ. ಆದರೆ ಜಗಲಿಯ ಮೇಲೆ ಕುಳಿತು ಕಂಡು ಬರೆದ ಪುಸ್ತಕವದು, ಬಂದರಿನ ಬಂಗಲೆಯಲ್ಲಿ ಕುಳಿತಿದ್ದರೆ ಬರೆಯಲಾಗುತ್ತಿರಲಿಲ್ಲ.

ಅವರೂ ಒಂಟಿತನವನ್ನು ಉಂಡವರೇ. 1823ರಲ್ಲಿ ಸ್ವದೇಶಕ್ಕೆ ಮರಳಿ, ಪ್ಯಾರಿಸ್ ಮಹಾನಗರದಲ್ಲಿ ಉಳಿದ ಬಾಳನ್ನು ಕಳೆದು, 1848ರಲ್ಲಿ ಅಲ್ಲಿಯೇ ತೀರಿಕೊಂಡರು. ಸಣ್ಣ ಊರಿಗೆ ಹೋದವರು ಕೊನೆಯವರೆಗೂ ಅಲ್ಲೇ ಇರಬೇಕೆಂಬ ಕಟ್ಟಳೆಯಿಲ್ಲ ಎಂಬುದನ್ನೂ ಅವರ ಬಾಳು ತೋರಿಸುತ್ತದೆ. ಇದ್ದಷ್ಟು ದಿನ ಆ ಊರಿನವರಾಗಿ ಇದ್ದರು, ಅದೇ ಮುಖ್ಯ.

ಕೊನೆಯ ಮಾತು

ಹೀಗೆಲ್ಲ ಯೋಚಿಸಿದ ಮೇಲೆ ನಾವು ಮಾಕವಳ್ಳಿಯ ಆ ಮನೆಗೆ ಒಂದು ಸಲಹೆ ಕೊಟ್ಟೆವು. ತಿಂಗಳ ಉಳಿತಾಯವೆಷ್ಟು, ಮದುವೆಯಾದ ಮೇಲೆ ಸಂಗಾತಿಗೆ ಅಲ್ಲಿ ಕೆಲಸ ಸಿಗುವುದೇ, ಬೇಡವೆನಿಸಿದರೆ ಬಿಟ್ಟುಬರುವ ದಾರಿ ಯಾವುದು, ಈ ಮೂರನ್ನು ಕಾಗದದ ಮೇಲೆ ಬರೆದು ನೋಡಿ. ನಾಲ್ಕನೆಯದು ಅಜ್ಜಿಯ ಪ್ರಶ್ನೆ. ಅದಕ್ಕೆ ಉತ್ತರ ಕಾಗದದಲ್ಲಿಲ್ಲ. ಎರಡೂ ಊರಿನ ಧರ್ಮಕೇಂದ್ರಗಳಿಗೆ ಮಗಳೇ ಒಂದು ಪತ್ರ ಬರೆಯಲಿ ಎಂದೆವು.

ಅವಳು ಬರೆದಳು. ಲಂಡನ್ನಿನಿಂದ ಬೇಗನೆ ಉತ್ತರ ಬಂದಿತು: ಪೂಜೆಗಳ ವೇಳಾಪಟ್ಟಿ, ಜೊತೆಗೆ ಪ್ರತಿ ತಿಂಗಳು ಕೂಡುವ ಭಾರತೀಯ ನರ್ಸುಗಳ ಬಳಗದ ವಿವರ. ಒಳ್ಳೆಯ ಉತ್ತರವೇ. ಸಣ್ಣ ಊರಿನಿಂದ ಹತ್ತು ದಿನ ತಡವಾಗಿ ಬಂದ ಪತ್ರವನ್ನು ಅಲ್ಲಿನ ಕಚೇರಿ ನೋಡಿಕೊಳ್ಳುವ ಹಿರಿಯ ಮಹಿಳೆಯೊಬ್ಬರು ಬರೆದಿದ್ದರು. ಇಲ್ಲಿ ಭಾನುವಾರ ಒಂದೇ ಪೂಜೆ. ಅಷ್ಟು ಹೊತ್ತಿಗೆ ಬಸ್ಸಿಲ್ಲ. ನೀನಿಳಿದುಕೊಳ್ಳುವ ವಿಳಾಸ ತಿಳಿಸಿದರೆ ನಮ್ಮಲ್ಲಿ ಯಾರಾದರೂ ಕಾರಿನಲ್ಲಿ ಬಂದು ಕರೆದೊಯ್ಯುತ್ತೇವೆ ಎಂಬುದು ಅದರ ಸಾರಾಂಶ.

ಮಗಳು ಅದನ್ನು ಕನ್ನಡದಲ್ಲಿ ಓದಿ ಹೇಳಿದಾಗ ಅಜ್ಜಿ, “ಕರ್ಕಂಡೋಗಕ್ಕೆ ಬತ್ತೀವಿ ಅಂದವ್ರು ಗಂಜಿನೂ ಕಾಯ್ಸಿ ಕೊಟ್ಟಾರು ಬುಡು” ಎಂದರಂತೆ. ಮೂರು ವರ್ಷ ಅಲ್ಲಿದ್ದು, ಸಾಲ ತೀರಿಸಿ, ಆಮೇಲೆ ಮತ್ತೆ ಯೋಚಿಸುವುದೆಂದು ಮಗಳು ತೀರ್ಮಾನಿಸಿದ್ದಾಳೆ. ಯಜಮಾನರು ಮಾತ್ರ ಲಂಡನ್ನಿನ ಕಾಗದವನ್ನು ಎಸೆಯಲು ಬಿಡದೆ ಬೀರುವಿನಲ್ಲಿ ಮಡಿಸಿಟ್ಟಿದ್ದಾರೆ.